ದುಬೈ ಪ್ಲಗ್ಗು, ಮಂಗಳೂರು ಗೋಡೆ

ಗಲ್ಫಿನಿಂದ ರಜೆಗೆ ಬಂದವರು ಪೆಟ್ಟಿಗೆ ಬಿಚ್ಚಿದ ಮರುದಿನ ನಮ್ಮ ಜಿಲ್ಲೆಯ ಎಲೆಕ್ಟ್ರಿಕ್ ಅಂಗಡಿಗಳಿಗೆ ಒಂದು ವ್ಯಾಪಾರ ಗ್ಯಾರಂಟಿ. ಮನೆಯ ಹುಡುಗ ಇಸ್ತ್ರಿ ಪೆಟ್ಟಿಗೆಯನ್ನೋ ನೀರು ಕಾಯಿಸುವ ಕೆಟಲನ್ನೋ ಚೀಲದಲ್ಲಿ ಹಾಕಿಕೊಂಡು ಬರುತ್ತಾನೆ. "ಅಣ್ಣಾ, ಇದರ ಪ್ಲಗ್ಗು ನಮ್ಮಲ್ಲಿ ಕೂರುದಿಲ್ಲ, ಎಂತಾದ್ರೂ ಮಾಡಿಕೊಡಿ" ಅನ್ನುತ್ತಾನೆ. ಅಂಗಡಿಯವರ ಕೈಯಲ್ಲಿ ಎರಡು ಮದ್ದು. ಒಂದು ಕತ್ತರಿ. ದುಬೈ ಪ್ಲಗ್ಗನ್ನು ಕತ್ತರಿಸಿ ಬಿಸಾಡಿ ನಮ್ಮ ಊರಿನ ಪಿನ್ ಟಾಪ್ ಹಾಕಿಕೊಡುವುದು. ಇನ್ನೊಂದು, ಡ್ರಾಯರಿನಲ್ಲಿರುವ ಬಿಳಿ ಅಡಾಪ್ಟರು. ಅದರ ಬಾಯಿಗೆ ಚಪ್ಪಟೆ ಪಿನ್ನು, ದುಂಡು ಪಿನ್ನು, ಓರೆ ಪಿನ್ನು ಎಲ್ಲವೂ ಆಗುತ್ತದೆ. ಲೋಕದ ಯಾವ ಪ್ಲಗ್ಗು ಕೊಟ್ಟರೂ ನುಂಗುತ್ತದೆ.

ಗಿರಾಕಿ ಖುಷಿ, ಅಂಗಡಿಯವರೂ ಖುಷಿ. ತಕರಾರು ತೆಗೆಯುತ್ತಿರುವವನು ನಾನು.

ಯಾಕೆ ಅಂತ ಹೇಳಬೇಕಾದರೆ ಆ ದುಬೈ ಪ್ಲಗ್ಗಿನ ಜಾತಕ ಸ್ವಲ್ಪ ನೋಡಬೇಕು. ಅದು ದುಬೈಯದ್ದಲ್ಲ ಸ್ವಾಮಿ, ಇಂಗ್ಲೆಂಡಿನದ್ದು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಇಂಗ್ಲೆಂಡಿನ ಮನೆಗಳು ನೆಲಸಮವಾಗುತ್ತಿದ್ದ ಹೊತ್ತಿನಲ್ಲೇ, ಯುದ್ಧ ಮುಗಿದ ಮೇಲೆ ಕಟ್ಟುವ ಹೊಸ ಮನೆಗಳಿಗೆ ಎಂಥ ವೈರಿಂಗ್ ಇರಬೇಕು ಅಂತ ಅಲ್ಲಿನ ಸರ್ಕಾರ ಇಂಜಿನಿಯರುಗಳ ಸಮಿತಿ ಕೂರಿಸಿತು. 1944ರಲ್ಲಿ ವರದಿ ಬಂತು. ಆ ಸಮಿತಿಯಲ್ಲಿದ್ದ ಒಬ್ಬಳೇ ಹೆಂಗಸು ಕ್ಯಾರೊಲಿನ್ ಹ್ಯಾಸ್ಲೆಟ್. ಮನೆಯಲ್ಲಿ ಮಕ್ಕಳಿರುತ್ತಾರೆ, ತೂತು ಕಂಡಲ್ಲಿ ಬೆರಳೋ ಕಡ್ಡಿಯೋ ತುರುಕುತ್ತಾರೆ, ಅದಕ್ಕೆ ಮೊದಲು ಬಂದೋಬಸ್ತು ಮಾಡಿ ಅನ್ನುವುದು ಅವರ ಕಾಳಜಿ. ಹಾಗಾಗಿ ಸಾಕೆಟ್ಟಿನ ಒಳಗೆ ಪುಟ್ಟ ಬಾಗಿಲು ಬಂತು. ಮೇಲಿನ ಉದ್ದದ ಅರ್ಥ್ ಪಿನ್ನು ಮೊದಲು ಒಳಗೆ ಹೋಗಿ ಆ ಬಾಗಿಲನ್ನು ಸರಿಸಬೇಕು, ಆಮೇಲೆಯೇ ಉಳಿದ ಎರಡು ಪಿನ್ನುಗಳಿಗೆ ಪ್ರವೇಶ. 1947ರಲ್ಲಿ ಇದು ಬಿ.ಎಸ್. 1363 ಎಂಬ ಮಾನಕವಾಯಿತು. 13 ಆಂಪಿಯರು, ಮೂರು ಚಪ್ಪಟೆ ಪಿನ್ನು.

ಇನ್ನೊಂದು ಸಂಗತಿ ಇದೆ, ಅದೇ ಮುಖ್ಯ. ಯುದ್ಧಕಾಲದಲ್ಲಿ ತಾಮ್ರಕ್ಕೆ ಬರ. ಒಂದೊಂದು ಸಾಕೆಟ್ಟಿಗೂ ಪ್ರತ್ಯೇಕ ವೈರು ಎಳೆಯುವಷ್ಟು ತಾಮ್ರ ಎಲ್ಲಿಂದ ತರುವುದು? ಹಾಗಾಗಿ ಫ್ಯೂಸ್ ಬೋರ್ಡಿನಿಂದ ಹೊರಟ ವೈರು ಇಡೀ ಮನೆ ಸುತ್ತಿ ಉಂಗುರದ ಹಾಗೆ ಪುನಃ ಅಲ್ಲಿಗೇ ಬಂದು ಸೇರುವ ಪದ್ಧತಿ ಮಾಡಿದರು. ಈ ಉಂಗುರಕ್ಕೆ 30 ಆಂಪಿಯರಿನ ದೊಡ್ಡ ಫ್ಯೂಸು. ಅಷ್ಟು ದೊಡ್ಡ ಫ್ಯೂಸು ಒಂದು ಸಣ್ಣ ಟೇಬಲ್ ಲ್ಯಾಂಪಿನ ವೈರನ್ನು ಕಾಯುತ್ತದೆಯೇ? ಇಲ್ಲ. ಅದಕ್ಕೇ ಪ್ರತಿ ಪ್ಲಗ್ಗಿನ ಹೊಟ್ಟೆಯೊಳಗೇ ಬೇರೆ ಒಂದು ಫ್ಯೂಸು ಇಟ್ಟರು. ಬ್ರಿಟಿಷರ ಪ್ರಭಾವ ಇದ್ದ ಕೊಲ್ಲಿಯ ನಾಡುಗಳಿಗೆ ಇದೇ ಪ್ಲಗ್ಗು ಹೋಯಿತು. ದುಬೈ, ಕತಾರ್, ಕುವೈತ್, ಬಹರೈನ್, ಮಸ್ಕತ್ ಎಲ್ಲಾ ಕಡೆಯೂ ನಮ್ಮ ಬಂಟ್ವಾಳ, ಭಟ್ಕಳ, ಕುಂದಾಪುರದ ಹುಡುಗರು ದಿನಾ ಚುಚ್ಚುವುದು ಇದನ್ನೇ.

ಈಗ ಕತ್ತರಿಯ ವಿಷಯಕ್ಕೆ ಬನ್ನಿ. ಕತ್ತರಿಸಿ ಬಿಸಾಡಿದ್ದು ಬರೀ ಪ್ಲಾಸ್ಟಿಕ್ ಅಲ್ಲ, ಆ ಯಂತ್ರದ ಜೊತೆ ಬಂದಿದ್ದ ಕಾವಲುಗಾರನನ್ನು. ಅದರ ಜಾಗಕ್ಕೆ ಅಂಗಡಿಯವರು ಹಾಕಿಕೊಡುವುದು ಯಾವುದು? ಹೆಚ್ಚಿನ ಸಲ 6 ಆಂಪಿಯರಿನ ಸಣ್ಣ ಪಿನ್ ಟಾಪ್. ಯಾಕೆಂದರೆ ಗೋಡೆಯಲ್ಲಿ ಕೈಗೆ ಸಿಗುವ ಸಾಕೆಟ್ಟು ಅದೇ. ಲೆಕ್ಕ ಮಾಡಿ ನೋಡಿ. ನಮ್ಮದು 230 ವೋಲ್ಟು. 6 ಆಂಪಿಯರಿಗೆ 1380 ವಾಟು ಆಯಿತು. ದುಬೈ ಕೆಟಲಿನ ತಳ ತಿರುಗಿಸಿ ಓದಿದರೆ 2200, 3000 ಅಂತ ಬರೆದಿರುತ್ತದೆ. ಮೂರು ಸಾವಿರ ವಾಟು ಅಂದರೆ 13 ಆಂಪಿಯರು. ಆರರ ಬಾಗಿಲಿನಲ್ಲಿ ಹದಿಮೂರನ್ನು ನುಗ್ಗಿಸಿದರೆ ಚಹಾ ಬೇಗ ಆಗುತ್ತದೆ, ಸರಿ. ಸಾಕೆಟ್ಟಿನ ಸುತ್ತ ಕಪ್ಪು ಹಿಡಿಯುವುದೂ, ಸುಟ್ಟ ವಾಸನೆ ಬರುವುದೂ ಬೇಗವೇ ಆಗುತ್ತದೆ. ಅಂಥ ವಸ್ತುವಿಗೆ 16 ಆಂಪಿಯರಿನ ದಪ್ಪ ಪ್ಲಗ್ಗು, ಅದಕ್ಕೆ ಬೇರೆ ದಪ್ಪ ವೈರು ಎಳೆದ ಸಾಕೆಟ್ಟು ಬೇಕು. ನಮ್ಮ ಎಲೆಕ್ಟ್ರಿಷಿಯನ್ನರ ಭಾಷೆಯಲ್ಲಿ 'ಪವರ್ ಪ್ಲಗ್'. ಬೆಳಕಿನ ಕರೆಂಟಿಗೆ ಒಂದು ದರ, ಕಾಯಿಸುವ ಕರೆಂಟಿಗೆ ಇನ್ನೊಂದು ದರ ಇದ್ದ ಕಾಲದ ಹೆಸರು ಅದು. ಹಳೇ ಬಿಲ್ಲುಗಳಲ್ಲಿ ಎ.ಇ.ಎಚ್. ಎಂಬ ಮೂರಕ್ಷರ ಕಂಡವರಿಗೆ ನೆನಪಿರಬಹುದು.

ಹಾಗಾದರೆ ನಮ್ಮ ದುಂಡು ಪಿನ್ನಿನ ಪ್ಲಗ್ಗು ಎಲ್ಲಿಂದ ಬಂತು? ಅದೂ ಅದೇ ಮನೆಯಿಂದ! ಬಿ.ಎಸ್. 546 ಅಂತ 1934ರ ಬ್ರಿಟಿಷ್ ಮಾನಕ. ಅವರು ಅದನ್ನು ಬಿಟ್ಟು ಚಪ್ಪಟೆ ಪಿನ್ನಿಗೆ ಹೋದರು, ನಾವು ಇಟ್ಟುಕೊಂಡೆವು. ಅತ್ತೆ ಬಿಟ್ಟ ಸೀರೆಯನ್ನು ಸೊಸೆ ಜೋಪಾನವಾಗಿ ಉಟ್ಟ ಹಾಗೆ. ಇಂದಿಗೂ ನಮ್ಮ ಐ.ಎಸ್. 1293 ಎಂಬ ಮಾನಕ ಆ ಸೀರೆಯದ್ದೇ ಅಂಚು ಹಿಡಿದದ್ದು. ಐದು ಆರಾಯಿತು, ಹದಿನೈದು ಹದಿನಾರಾಯಿತು, ಅಷ್ಟೆ. ತಮಾಷೆ ಏನೆಂದರೆ ಇಂಗ್ಲೆಂಡಿನ ನಾಟಕ ಮಂದಿರಗಳಲ್ಲಿ ರಂಗದ ಮೇಲಿನ ದೀಪಗಳಿಗೆ ಹದಿನೈದು ಆಂಪಿಯರಿನ ಆ ಹಳೇ ದುಂಡು ಪಿನ್ನೇ ಇನ್ನೂ ಬಳಕೆಯಲ್ಲಿದೆ.

ಹಳತು ಅಂತ ಅದನ್ನು ಹೀನಾಯ ಮಾಡಬೇಡಿ. ನಮ್ಮ ಪ್ಲಗ್ಗಿನ ಮೂರನೇ ಪಿನ್ನನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಉಳಿದೆರಡಕ್ಕಿಂತ ಉದ್ದ, ಉಳಿದೆರಡಕ್ಕಿಂತ ದಪ್ಪ. ಉದ್ದ ಯಾಕೆಂದರೆ ಚುಚ್ಚುವಾಗ ಭೂಮಿಯ ಸಂಪರ್ಕ ಮೊದಲು ಆಗಬೇಕು, ಎಳೆಯುವಾಗ ಕಡೆಗೆ ಬಿಡಬೇಕು. ದಪ್ಪ ಯಾಕೆಂದರೆ ತಪ್ಪಿಯೂ ಅದು ಕರೆಂಟಿನ ತೂತಿಗೆ ಹೋಗಬಾರದು. ಸಣ್ಣ ಪಿನ್ನಿನ ದಪ್ಪ ಐದು ಮಿಲಿಮೀಟರು ಚಿಲ್ಲರೆ, ಅರ್ಥ್ ಪಿನ್ನಿನದ್ದು ಏಳು ಚಿಲ್ಲರೆ. ಯೋಚನೆ ಮಾಡಿಯೇ ಮಾಡಿದ್ದು.

ಪ್ರಪಂಚದ ಪ್ಲಗ್ಗುಗಳಿಗೆ ಈಗ ಎ ಇಂದ ಓ ವರೆಗೆ ಹದಿನೈದು ಅಕ್ಷರ ಕೊಟ್ಟಿದ್ದಾರೆ. ನಮ್ಮ ಸಣ್ಣದು ಡಿ, ದೊಡ್ಡದು ಎಂ, ದುಬೈಯದ್ದು ಜಿ. ಇಷ್ಟೊಂದು ಯಾಕಾಯಿತು ಅಂತ ಕೇಳಿದರೆ, ಕರೆಂಟು ಮೊದಲು ಬಂದದ್ದು ಬಲ್ಬಿಗೆ, ಪ್ಲಗ್ಗಿಗಲ್ಲ. ಅಮೆರಿಕದಲ್ಲಿ ಹಾರ್ವೆ ಹಬ್ಬೆಲ್ ಎಂಬವರು 1904ರಲ್ಲಿ ಬಿಚ್ಚಿ ಹಾಕಬಹುದಾದ ಪ್ಲಗ್ಗಿಗೆ ಪೇಟೆಂಟ್ ಪಡೆದರು. ಅದನ್ನು ತಿರುಗಿಸಿ ಕೂರಿಸಬೇಕಾಗಿದ್ದದ್ದು ಬಲ್ಬಿನ ಹೋಲ್ಡರಿಗೇ. ನಮ್ಮಲ್ಲೂ ಬಲ್ಬ್ ತೆಗೆದು ಹೋಲ್ಡರಿನಿಂದ ಇಸ್ತ್ರಿ ಪೆಟ್ಟಿಗೆಗೆ ವೈರು ಇಳಿಬಿಟ್ಟ ಮನೆಗಳನ್ನು ಹಿರಿಯರು ನೋಡಿದ್ದಾರೆ. ಆಮೇಲೆ ಒಂದೊಂದು ದೇಶದ ಕಂಪೆನಿಗಳು ಒಂದೊಂದು ದಾರಿ ಹಿಡಿದವು. ಜರ್ಮನಿಯ ಬವೇರಿಯದಲ್ಲಿ ಆಲ್ಬರ್ಟ್ ಬ್ಯೂಟ್ನರ್ 1920ರ ದಶಕದಲ್ಲಿ ಅರ್ಥನ್ನು ಪ್ಲಗ್ಗಿನ ಅಕ್ಕಪಕ್ಕದ ಪಟ್ಟಿಗಳಲ್ಲಿ ಇಟ್ಟರು. ಫ್ರಾನ್ಸಿನವರು ಉಲ್ಟಾ, ಅರ್ಥ್ ಪಿನ್ನು ಗೋಡೆಯ ಸಾಕೆಟ್ಟಿನಿಂದಲೇ ಹೊರಗೆ ಚಾಚಿಕೊಂಡಿದೆ. ಆಸ್ಟ್ರೇಲಿಯದ್ದು ಓರೆ ಪಿನ್ನು. ಅರ್ಜೆಂಟೀನದ್ದೂ ಅದೇ ಓರೆ ಪಿನ್ನು, ಆದರೆ ಫೇಸೂ ನ್ಯೂಟ್ರಲ್ಲೂ ಅದಲು ಬದಲು!

ಒಂದೇ ಮಾಡೋಣ ಅಂತ ಪ್ರಯತ್ನ ನಡೆಯಲಿಲ್ಲವೇ? ನಡೆಯಿತು. ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಕಮಿಷನ್ ಎಂಬ ಸಂಸ್ಥೆ 1906ರಲ್ಲೇ ಹುಟ್ಟಿದ್ದು. ಮೂವತ್ತರ ದಶಕದಲ್ಲಿ ಪ್ಲಗ್ಗಿನ ಮಾತು ತೆಗೆದರು, ಯುದ್ಧ ಬಂತು, ನಿಂತಿತು. ಕಡೆಗೆ 1986ರಲ್ಲಿ ಎಲ್ಲರಿಗೂ ಒಂದೇ ಇರಲಿ ಅಂತ ಒಂದು ನಮೂನೆ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಎಲ್ಲರ ಗೋಡೆಯೊಳಗೂ ಅವರವರ ತೂತು ಕೂತಿತ್ತು. ಗೋಡೆ ಒಡೆಯುವವರು ಯಾರು? ದಕ್ಷಿಣ ಆಫ್ರಿಕ ಒಪ್ಪಿತು, ಬ್ರೆಜಿಲ್ ಸ್ವಲ್ಪ ಬದಲಾಯಿಸಿಕೊಂಡು ಒಪ್ಪಿತು. ಬ್ರೆಜಿಲಿನಲ್ಲೊಂದು ಚೋದ್ಯ ಇದೆ ನೋಡಿ. ಅಲ್ಲಿ ಕೆಲವು ಊರಿನಲ್ಲಿ 127 ವೋಲ್ಟು, ಕೆಲವು ಊರಿನಲ್ಲಿ 220. ಸಾಕೆಟ್ಟು ಮಾತ್ರ ಎರಡಕ್ಕೂ ಒಂದೇ. ಪ್ಲಗ್ಗು ಕೂತಿತು ಅಂತ ಸ್ವಿಚ್ಚು ಒತ್ತುವ ಹಾಗಿಲ್ಲ.

ಇದು ನಮ್ಮವರಿಗೂ ತಟ್ಟುವ ಮಾತು. ಅಮೆರಿಕದಲ್ಲಿರುವ ಮಗಳು ಅಮ್ಮನಿಗೆ ಅಂತ ರೈಸ್ ಕುಕ್ಕರ್ ಕಳಿಸುತ್ತಾಳೆ. ಅಲ್ಲಿಯದ್ದು 120 ವೋಲ್ಟು. ಇಲ್ಲಿ ಅಡಾಪ್ಟರ್ ಸಿಕ್ಕಿಸಿ ಚುಚ್ಚಿದರೆ ವೋಲ್ಟೇಜು ಎರಡು ಪಾಲು, ಅದು ಎಳೆಯುವ ವಾಟು ಸುಮಾರು ಮೂರೂವರೆ ಪಾಲಿಗಿಂತ ಹೆಚ್ಚು. ಅನ್ನ ಬೇಯುವ ಮೊದಲು ಕುಕ್ಕರೇ ಬೇಯುತ್ತದೆ. ಅಡಾಪ್ಟರು ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ಒಳಗಿನ ಕರೆಂಟನ್ನಲ್ಲ. ಮೊಬೈಲು, ಲ್ಯಾಪ್‌ಟಾಪಿನ ಚಾರ್ಜರುಗಳ ಮೇಲೆ ಸಣ್ಣಕ್ಷರದಲ್ಲಿ 100-240 ಅಂತ ಇರುತ್ತದೆ, ಅವಕ್ಕೆ ತೊಂದರೆ ಇಲ್ಲ. ಆ ಸಣ್ಣಕ್ಷರ ಓದಿಯೇ ಅಡಾಪ್ಟರ್ ಕೊಡುವ ಅಂಗಡಿಯವರೂ ನಮ್ಮ ಪೇಟೆಯಲ್ಲಿ ಇದ್ದಾರೆ, ಅವರಿಗೆ ನಮಸ್ಕಾರ.

ಈಗ ಎಲ್ಲವನ್ನೂ ನುಂಗುವ ಆ ಬಿಳಿ ಅಡಾಪ್ಟರಿಗೆ ಬರುತ್ತೇನೆ. ಅದರ ಅಣ್ಣನೇ ನಾಲ್ಕು ಬಾಯಿಯ ಎಕ್ಸ್‌ಟೆನ್ಷನ್ ಬೋರ್ಡು. ಬೇಕರಿ, ಜ್ಯೂಸ್ ಅಂಗಡಿ, ಝೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ, ಎಲ್ಲಿ ನೋಡಿದರೂ ಕೌಂಟರಿನ ಕೆಳಗೆ ಅದು ಮಲಗಿರುತ್ತದೆ. ಎಲ್ಲ ಪಿನ್ನಿಗೂ ಆಗಬೇಕು ಅಂತ ಮಾಡಿದ ತೂತು ಯಾವ ಪಿನ್ನನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಎಲ್ಲರಿಗೂ ಆಗುವ ಚಪ್ಪಲಿ ಅಂತ ಮಾಡಿದರೆ ಯಾರ ಕಾಲಿಗೆ ಸರಿ ಕೂರುತ್ತದೆ ಹೇಳಿ? ಯೂರೋಪಿನ ಚಾರ್ಜರಿನ ಪಿನ್ನು ನಾಲ್ಕು ಮಿಲಿಮೀಟರು, ಅಲ್ಲಿಯ ದೊಡ್ಡ ಪ್ಲಗ್ಗಿನದ್ದು 4.8, ನಮ್ಮದು ಐದು ಚಿಲ್ಲರೆ. ಎರಡು ಪಿನ್ನಿನ ನಡುವಿನ ಅಂತರ ಮಾತ್ರ ಎಲ್ಲದರಲ್ಲೂ ಸುಮಾರು 19 ಮಿಲಿಮೀಟರು. ಹಾಗಾಗಿ ನಮ್ಮ ಸಾಕೆಟ್ಟಿಗೆ ಅವರದ್ದು ಹೋಗುತ್ತದೆ, ಆದರೆ ಲೂಸು. ಲೂಸಾದಲ್ಲಿ ಕಿಡಿ, ಕಿಡಿ ಇದ್ದಲ್ಲಿ ಬಿಸಿ. ಚರ್ ಚರ್ ಅಂತ ಸಣ್ಣ ಸದ್ದು ಕೇಳಿದರೂ ಪಕ್ಕಕ್ಕೆ ಒಂದು ತಟ್ಟು ತಟ್ಟಿ ವ್ಯಾಪಾರ ಮುಂದುವರಿಸುವವರು ನಾವು.

ಅದಕ್ಕಿಂತ ದೊಡ್ಡ ಮೋಸ ಅರ್ಥಿನದ್ದು. ಜರ್ಮನ್ ಮಾದರಿಯ ಪ್ಲಗ್ಗಿಗೆ ಅರ್ಥ್ ಇರುವುದು ಪಕ್ಕದ ಪಟ್ಟಿಯಲ್ಲಿ ಅಂತ ಆಗಲೇ ಹೇಳಿದೆ. ನಮ್ಮ ಸಾಕೆಟ್ಟಿನಲ್ಲಿ ಆ ಪಟ್ಟಿಯನ್ನು ಮುಟ್ಟುವ ಏನೂ ಇಲ್ಲ. ಯಂತ್ರ ಓಡುತ್ತದೆ, ಅರ್ಥ್ ಇಲ್ಲ. ಅಡಾಪ್ಟರಿನಲ್ಲೂ ಅದೇ ಕಥೆ. ಮೂರು ಪಿನ್ನನ್ನು ಎರಡಕ್ಕೆ ಇಳಿಸುವ ಇನ್ನೊಂದು ಸಾಮಾನು ಬರುತ್ತದಲ್ಲ, ಅದು ಅರ್ಥನ್ನು ತೆಗೆಯುವುದಕ್ಕೆಂದೇ ಹುಟ್ಟಿದ್ದು. ಅದನ್ನು ಮಾರುವುದನ್ನಾದರೂ ನಮ್ಮ ಅಂಗಡಿಯವರು ನಿಲ್ಲಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಲಾಭ ಎಷ್ಟು ಬರುತ್ತದೆ ಅದರಲ್ಲಿ? ಒಂದು ಚಹಾದ ದುಡ್ಡು.

ಅರ್ಥ್ ಇಲ್ಲದಿದ್ದರೆ ಎಂತ ಆಗುತ್ತದೆ ಅಂತ ಕೇಳುವವರಿದ್ದಾರೆ. "ನಮ್ಮ ಫ್ರಿಜ್ಜು ಹತ್ತು ವರ್ಷದಿಂದ ಎರಡೇ ಪಿನ್ನಿನಲ್ಲಿ ಓಡ್ತಾ ಉಂಟು ಮಾರಾಯ್ರೇ" ಅನ್ನುತ್ತಾರೆ. ಓಡುತ್ತದೆ. ಓಡುವುದಕ್ಕೆ ಅರ್ಥ್ ಬೇಡವೇ ಬೇಡ. ಒಳಗಿನ ವೈರಿನ ಸಿಪ್ಪೆಯನ್ನು ಇಲಿ ತಿಂದೋ, ಹಳತಾಗಿ ಒಡೆದೋ ಫೇಸು ಫ್ರಿಜ್ಜಿನ ಕಬ್ಬಿಣದ ಮೈಗೆ ತಗಲುತ್ತದಲ್ಲ, ಆ ದಿನಕ್ಕೆ ಬೇಕು ಅದು. ಅರ್ಥ್ ಸರಿ ಇದ್ದರೆ ಕರೆಂಟು ಆ ದಾರಿಯಲ್ಲಿ ಭರ್ರನೆ ಹರಿದು ಫ್ಯೂಸು ಹೋಗುತ್ತದೆ ಅಥವಾ ಎಂ.ಸಿ.ಬಿ. ಬೀಳುತ್ತದೆ, ಕತ್ತಲಾಗುತ್ತದೆ, ನೀವು ಬೈದುಕೊಂಡು ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡುತ್ತೀರಿ. ಅರ್ಥ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಫ್ರಿಜ್ಜು ಸುಮ್ಮನೆ ನಿಂತಿರುತ್ತದೆ, ಯಾರಾದರೂ ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಹಿಡಿಕೆಗೆ ಕೈ ಹಾಕುವ ತನಕ. ದೇಶದಲ್ಲಿ ಕರೆಂಟು ತಗಲಿ ಸಾಯುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಮೀರಿದೆ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹೇಳುತ್ತದೆ. ಅದರಲ್ಲಿ ಹರಿದು ಬಿದ್ದ ಲೈನು, ಹೊಲದ ಪಂಪು ಎಲ್ಲವೂ ಸೇರಿದೆ, ಒಪ್ಪುತ್ತೇನೆ. ಜ್ಯೂಸ್ ಅಂಗಡಿಯ ಫ್ರಿಜ್ಜೂ ಆ ಪಟ್ಟಿಗೆ ಸೇರಬೇಕೇ?

ಜಾತ್ರೆಗೆ ಹೋಗಿ ನೋಡಿ, ಯಕ್ಷಗಾನದ ಚೌಕಿಯ ಹಿಂದೆ ನೋಡಿ, ಮದುವೆ ಹಾಲಿನ ಅಡುಗೆ ಮನೆ ನೋಡಿ. ಪ್ಲಗ್ಗೇ ಇಲ್ಲ! ಎರಡು ಬರಿ ವೈರು, ಅದನ್ನು ತೂತಿಗೆ ಹಾಕಿ ಬೆಂಕಿಕಡ್ಡಿ ಸಿಕ್ಕಿಸಿದ್ದು. ಬಾಗಿಲು ಇರುವ ಹೊಸ ಸಾಕೆಟ್ಟಾದರೆ ಮೇಲಿನ ತೂತಿಗೆ ಪೆನ್ನಿನ ತುದಿ ಹಾಕಿ ಬಾಗಿಲು ತೆರೆಯುವ ವಿದ್ಯೆ ಶಾಲೆಯ ಮಕ್ಕಳಿಗೂ ಗೊತ್ತು. ಪಿ.ಜಿ. ರೂಮುಗಳಲ್ಲಿ ಎರಡು ಪಿನ್ನಿನ ಚಾರ್ಜರ್ ಕೂರಿಸಲು ದಿನಾ ನಡೆಯುವ ಸರ್ಕಸ್ಸು ಇದು. ಯಾರು ಮಕ್ಕಳನ್ನು ಕಾಯಲಿ ಅಂತ ಆ ಬಾಗಿಲು ಹುಟ್ಟಿತೋ ಅವರ ಕೈಯಲ್ಲೇ ಅದರ ಬೀಗದ ಕೈ.

ಇನ್ನು ಕೆಲವರು, ನಾವೂ ದುಬೈ ಪ್ಲಗ್ಗಿಗೇ ಹೋಗಿಬಿಡೋಣ, ಶ್ರೀಲಂಕಾ ಹೋಗಲಿಲ್ಲವೇ ಅನ್ನುತ್ತಾರೆ. ಹೌದು, ನಮ್ಮ ಹಾಗೆಯೇ ದುಂಡು ಪಿನ್ನು ಇದ್ದ ಶ್ರೀಲಂಕಾ 2017ರ ಹೊತ್ತಿಗೆ ಚಪ್ಪಟೆ ಪಿನ್ನನ್ನೇ ರಾಷ್ಟ್ರೀಯ ಮಾನಕ ಮಾಡಲು ತೀರ್ಮಾನಿಸಿತು. ಅದು ಸಣ್ಣ ದೇಶ, ಅಲ್ಲಿ ಎರಡೂ ಬೆರಕೆಯಾಗಿ ಬಳಕೆಯಲ್ಲಿತ್ತು. ನಮ್ಮ ದೇಶದ ಕೋಟಿ ಕೋಟಿ ಗೋಡೆಗಳನ್ನು ಒಡೆಯುವುದು ಆಗುವ ಹೋಗುವ ಮಾತಲ್ಲ, ಒಡೆಯಬೇಕಾಗಿಯೂ ಇಲ್ಲ. ನಮ್ಮ ಪ್ಲಗ್ಗಿನಲ್ಲಿ ದೋಷ ಇಲ್ಲ. ಯೂರೋಪಿನವರು ಗೋಡೆ ಮುಟ್ಟದೆ ವೈರಿನ ಆಚೆ ತುದಿಯಲ್ಲಿ ಒಮ್ಮತಕ್ಕೆ ಬಂದರಲ್ಲ, 2024ರ ಡಿಸೆಂಬರಿನಿಂದ ಅಲ್ಲಿ ಹೊಸದಾಗಿ ಮಾರುವ ಮೊಬೈಲಿಗೆಲ್ಲ ಒಂದೇ ಟೈಪ್-ಸಿ ಬಾಯಿ. ಆಗುವ ಕಡೆ ಆಗಲಿ. ಇಂಗ್ಲೆಂಡಿನಿಂದ ಕಲಿಯುವುದಿದ್ದರೆ ಅವರ 1994ರ ಕಾನೂನನ್ನು ಕಲಿಯಬಹುದು. ಅಲ್ಲಿಯ ತನಕ ಅಲ್ಲೂ ಎಷ್ಟೋ ಯಂತ್ರಗಳು ಬರಿ ವೈರಿನೊಂದಿಗೇ ಮಾರಾಟವಾಗುತ್ತಿದ್ದವು, ಮನೆ ಯಜಮಾನ ಸ್ಕ್ರೂಡ್ರೈವರ್ ಹಿಡಿದು ಪ್ಲಗ್ಗು ಕೂರಿಸಬೇಕಿತ್ತು. ಸರಿಯಾದ ಪ್ಲಗ್ಗು ಕೂರಿಸಿಯೇ ಮಾರಬೇಕು ಅಂತ ಕಾನೂನು ಬಂದ ಮೇಲೆ ಆ ಸ್ಕ್ರೂಡ್ರೈವರ್ ಕೆಲಸ ನಿಂತಿತು.

ನಮ್ಮಲ್ಲಿ ಇನ್ನೊಂದು ಕಡೆ ಕಣ್ಣು ಹೋಗಬೇಕು, ಸಾಕೆಟ್ಟಿನ ಹಿಂದುಗಡೆಗೆ. ಮೂರು ತೂತು ಇದೆ ಅಂತ ಅರ್ಥ್ ಇದೆ ಅಂತ ತಿಳಿಯಬೇಡಿ. ಪೇಟೆಯ ಹಳೇ ಕಟ್ಟಡಗಳ ಬಾಡಿಗೆ ಕೋಣೆಗಳಲ್ಲಿ ಆ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಇದ್ದರೂ ಅದು ಹೋಗಿ ಸೇರುವ ಗುಂಡಿಯ ಗತಿ ಕೇಳಬೇಡಿ. ನಮ್ಮದು ಮುರಕಲ್ಲಿನ ನೆಲ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಬಿರಿಯುವ ಈ ನೆಲದಲ್ಲಿ ಕರೆಂಟು ಸುಲಭವಾಗಿ ಭೂಮಿಗೆ ಇಳಿಯುವುದಿಲ್ಲ. ಅದಕ್ಕೇ ಇದ್ದಿಲು, ಉಪ್ಪು ಹಾಕಿ ಪೈಪು ಹೂಳಿ, ಬೇಸಿಗೆಯಲ್ಲಿ ಎರಡು ಕೊಡ ನೀರು ಹೊಯ್ಯುವ ಪದ್ಧತಿ ಹಿಂದಿನವರು ಮಾಡಿದ್ದು. ಈಗ ಆ ಗುಂಡಿಯ ಮೇಲೆ ಇಂಟರ್‌ಲಾಕ್ ಹಾಸಿ ಬೈಕು ನಿಲ್ಲಿಸಿದ್ದಾರೆ. 30 ಮಿಲಿ ಆಂಪಿಯರು ಸೋರಿದರೂ ತಟ್ಟನೆ ಲೈನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಪೇಟೆಯಲ್ಲೇ ಸಿಗುತ್ತದೆ. ಅಂಗಡಿಯ ಬೋರ್ಡಿಗೆ ಎಲ್.ಇ.ಡಿ. ಅಕ್ಷರ ಬರೆಸುವ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಹೊಸ ಸಂಪರ್ಕ ತೆಗೆದುಕೊಳ್ಳುವಾಗ ಲೈಸೆನ್ಸಿನ ಗುತ್ತಿಗೆದಾರರ ವರದಿ ಕೊಡಬೇಕು ಅಂತ ನಿಯಮ ಇದೆ. ಆ ವರದಿ ಕೊಟ್ಟ ದಿನ ಅರ್ಥ್ ಇತ್ತು ಅಂತಲೇ ಇಟ್ಟುಕೊಳ್ಳೋಣ. ಇಪ್ಪತ್ತು ವರ್ಷ ಆದ ಮೇಲೆ? ಮೀಟರಿನ ತನಕ ಮೆಸ್ಕಾಂ, ಮೀಟರಿನಿಂದಾಚೆ ಬಳಕೆದಾರ. ಬಾಡಿಗೆದಾರನನ್ನು ಕೇಳಿದರೆ ಮಾಲೀಕರದ್ದು ಅನ್ನುತ್ತಾನೆ, ಮಾಲೀಕರನ್ನು ಕೇಳಿದರೆ ಅಂಗಡಿ ನಡೆಸುವವರು ನೋಡಿಕೊಳ್ಳಲಿ ಅನ್ನುತ್ತಾರೆ. ಮನೆ ಬಾಡಿಗೆ ಕರಾರಿನಲ್ಲಿ ಸುಣ್ಣ ಬಣ್ಣ ಯಾರದ್ದು ಅಂತ ಬರೆಯುತ್ತಾರೆ, ಅರ್ಥಿಂಗ್ ಯಾರದ್ದು ಅಂತ ಬರೆದ ಕರಾರು ನಾನು ಇದುವರೆಗೆ ಕಂಡಿಲ್ಲ.

ಅಂಗಡಿಗಳ ಸಂಘದವರು ಇದನ್ನು ಕೈಗೆತ್ತಿಕೊಂಡರೆ ಕೆಲಸ ದೊಡ್ಡದಲ್ಲ. ಒಂದು ಸಾಲಿಗೆ ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಒಂದೇ ದಿನದಲ್ಲಿ ಎಲ್ಲ ಅಂಗಡಿಯ ಅರ್ಥನ್ನು ಮೀಟರಿನಲ್ಲಿ ನೋಡಿಸಿ, ಖರ್ಚು ಹಂಚಿಕೊಳ್ಳಬಹುದು. ಐ.ಎಸ್.ಐ. ಮುದ್ರೆ ಇಲ್ಲದ ಅಡಾಪ್ಟರು, ಬೋರ್ಡು ನಮ್ಮ ಸಾಲಿನಲ್ಲಿ ಮಾರುವುದಿಲ್ಲ ಅಂತ ತೀರ್ಮಾನ ಮಾಡಬಹುದು. ನಗರಸಭೆ, ಪಾಲಿಕೆಗಳ ಸ್ವಂತ ಮಾರ್ಕೆಟ್ ಕಟ್ಟಡಗಳಿದ್ದಾವಲ್ಲ, ಅಲ್ಲಿ ಮಾಲೀಕರು ಯಾರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಮೀನು ಮಾರುಕಟ್ಟೆಯ ನೆಲ ಯಾವತ್ತೂ ಒದ್ದೆ, ಐಸು ಪುಡಿ ಮಾಡುವ ಯಂತ್ರ ಅಲ್ಲೇ ಓಡುತ್ತದೆ. ಅದರ ಪ್ಲಗ್ಗಿಗೆ ಮೂರನೇ ಪಿನ್ನು ಇದೆಯೇ, ಅದರ ಹಿಂದೆ ವೈರು ಇದೆಯೇ ಅಂತ ಜೂನ್ ಮಳೆ ಹಿಡಿಯುವ ಮೊದಲು ಪಾಲಿಕೆಯ ಎಲೆಕ್ಟ್ರಿಕಲ್ ಇಂಜಿನಿಯರು ಒಮ್ಮೆ ಹೋಗಿ ನೋಡಿ ಬರಲಿ. ಮೀನು ಮಾರುವ ಹೆಂಗಸರೇ ಯಾವ ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುತ್ತದೆ ಅಂತ ತೋರಿಸುತ್ತಾರೆ.